ಹೆಗ್ಗರಣೆಗೆ ತಡವಾಗಿ ಬರುತ್ತಿದ್ದ ವಾಲಿಬಾಲ್

ಕೊರೊನಾ ಮುಗಿದ ಮರುವರ್ಷದ ಮಾತು. ದೂರವಾಣಿ ಇಲಾಖೆಗೆ ಲೈನ್‌ಮನ್ ಆಗಿ ಸೇರಿ, ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಕಂಬ ಹತ್ತಿ ಇಳಿದು ನಿವೃತ್ತನಾಗಿದ್ದ ನಾನು, ಸಿರ್ಸಿಯ ಒಂದು ಸಣ್ಣ ಖಾಸಗಿ ಫೈಬರ್ ಇಂಟರ್ನೆಟ್ ಸಂಸ್ಥೆಯಲ್ಲಿ ಮತ್ತೆ ಕೆಲಸಕ್ಕೆ ಸೇರಿಕೊಂಡಿದ್ದೆ. ಹುದ್ದೆಗೆ ‘ಫೀಲ್ಡ್ ಸಪೋರ್ಟ್ ಸೂಪರ್‌ವೈಸರ್’ ಎಂದು ಹೆಸರು. ಹೆಸರು ಕೇಳಿ ದೊಡ್ಡದೇನೋ ಅಂದುಕೊಳ್ಳಬೇಡಿ. ಹುಡುಗರು ಹೋಗಿ ಬಂದರೂ ಬಗೆಹರಿಯದ ದೂರುಗಳಿದ್ದರೆ ಮುದುಕನನ್ನು ಕಳಿಸುವುದು, ಅಷ್ಟೇ ಅದರ ಅರ್ಥ.

ನಾನು ಮತ್ತೆ ಕೆಲಸಕ್ಕೆ ಹೋದದ್ದು ಮನೆಯ ಮೌನಕ್ಕೆ ಹೆದರಿ. ನನ್ನ ಹುಟ್ಟೂರು ಯಲ್ಲಾಪುರದ ಹತ್ತಿರದ ನಂದೊಳ್ಳಿ. ನೌಕರಿಗಾಗಿ ಸಿರ್ಸಿಗೆ ಬಂದವನು ಅಲ್ಲೇ ಉಳಿದೆ. ನಮಗೆ ಮಕ್ಕಳಿಲ್ಲ. ಹೆಂಡತಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅವಳಿಗೆ ಆಟದ ಗಂಧಗಾಳಿ ಇರಲಿಲ್ಲ. ನಾನು ಟಿ.ವಿ. ಮುಂದೆ ಕೂತು ಕ್ರಿಕೆಟ್ ನೋಡುತ್ತ “ಅಯ್ಯೋ!” ಎಂದರೆ ಅಡಿಗೆಮನೆಯಿಂದಲೇ “ಎಂತ ಆತು?” ಎಂದು ಕೇಳುವಳು. ನಾನು ಕೊಡುವ ಉತ್ತರದಲ್ಲಿ ಅರ್ಧ ಅವಳಿಗೆ ತಿಳಿಯುತ್ತಿರಲಿಲ್ಲ, ಆದರೂ ಕೇಳುವುದನ್ನು ಬಿಟ್ಟವಳಲ್ಲ. ಅವಳು ಹೋದಮೇಲೆ ನಾನು ಆಟ ನೋಡುವುದನ್ನೇ ಬಿಟ್ಟಿದ್ದೆ. ಯಾರಿಗೂ ಹೇಳಬೇಕಾಗಿಲ್ಲ ಎಂದಾದ ಮೇಲೆ ಯಾರು ಔಟಾದರೇನು, ಬಿಟ್ಟರೇನು?

ಈಗಿನ ಕಾಲದಲ್ಲಿ ದೂರಿಗೆ ‘ಟಿಕೆಟ್’ ಎನ್ನುತ್ತಾರೆ. ಗಿರಾಕಿ ಫೋನ್ ಮಾಡಿದರೆ ಕಂಪ್ಯೂಟರಿನಲ್ಲಿ ಒಂದು ಟಿಕೆಟ್ ತೆರೆದುಕೊಳ್ಳುತ್ತದೆ. ಹುಡುಗ ಹೋಗಿ ನೋಡಿ, ಸರಿಯಿದ್ದರೆ ‘ಕ್ಲೋಸ್’ ಮಾಡುತ್ತಾನೆ. ತೊಂದರೆ ನಿಜವಾಗಿ ಹೋಯಿತೋ ಇಲ್ಲವೋ ಎಂಬುದಕ್ಕಿಂತ ಟಿಕೆಟ್ ಮುಚ್ಚಿತೋ ಇಲ್ಲವೋ ಎಂಬುದರ ಮೇಲೆ ನಮ್ಮ ಮ್ಯಾನೇಜರನ ಕಣ್ಣು. ಹೆಗ್ಗರಣೆಯ ಒಂದು ಟಿಕೆಟ್ ಮಾತ್ರ ಮುಚ್ಚಿದಷ್ಟೂ ತೆರೆದುಕೊಳ್ಳುತ್ತಿತ್ತು. ಗಿರಾಕಿ ಒಬ್ಬ ನಿವೃತ್ತ ದೈಹಿಕ ಶಿಕ್ಷಕಿ, ಹೆಸರು ಸಾವಿತ್ರಿ. ದೂರು ಒಂದೇ ಶಬ್ದ: ‘ತಡ’. ಹುಡುಗರು ಹೋಗಿ ಸ್ಪೀಡ್ ಅಳೆದು, ಪೂರಾ ಸ್ಪೀಡ್ ಇದೆ ಎಂದು ತೋರಿಸಿ ಬರುತ್ತಿದ್ದರು. ಅವರು ಸಿರ್ಸಿ ತಲುಪುವಷ್ಟರಲ್ಲಿ ಟಿಕೆಟ್ ಮತ್ತೆ ತೆರೆದಿರುತ್ತಿತ್ತು. ಯಾವಾಗ ಹೋದರೂ ಟಿ.ವಿ.ಯಲ್ಲಿ ವಾಲಿಬಾಲ್ ಹಚ್ಚಿರುತ್ತಿದ್ದ ಆಕೆಗೆ ಆಫೀಸಿನಲ್ಲಿ ‘ವಾಲಿಬಾಲ್ ಅಮ್ಮ’ ಎಂದೇ ಹೆಸರು ಬಿದ್ದುಹೋಗಿತ್ತು.

“ಹೆಗಡೇರೇ, ನೀವೇ ಹೋಗಿ ಒಮ್ಮೆ ಮುಗಿಸಿಬಿಡಿ” ಎಂದ ಮ್ಯಾನೇಜರ್. ಮುಗಿಸಿಬಿಡಿ ಎಂದದ್ದು ದೂರನ್ನೋ ಗಿರಾಕಿಯನ್ನೋ ನನಗೆ ಸ್ಪಷ್ಟವಾಗಲಿಲ್ಲ.

ಸಾವಿತ್ರಕ್ಕನ ಮನೆ ಹೆಗ್ಗರಣೆಯಲ್ಲಿ ಡಾಂಬರು ರಸ್ತೆಗೆ ತಾಗಿಯೇ ಇತ್ತು. ಎರಡೇ ಕೋಣೆಯ ತಾರಸಿ ಮನೆ. ಆಕೆ ಮದುವೆಯಾದವಳಲ್ಲ. ಕೆಲಸ ಮಾಡಿದ ಊರಿನಲ್ಲೇ ನಿವೃತ್ತಿಯ ನಂತರವೂ ಉಳಿದಿದ್ದಳು. ಅರವತ್ತು ದಾಟಿದ, ಉದ್ದನೆಯ ಬೆರಳುಗಳ, ನೆಟ್ಟಗೆ ನಿಲ್ಲುವ ಹೆಂಗಸು. ಬಾಗಿಲಲ್ಲೇ ನನ್ನ ಕೈಚೀಲ ನೋಡಿ ಹೇಳಿದಳು:

“ನೀವೂ ಸ್ಪೀಡ್ ನೋಡಲೇ ಬಂದ್ರಾ? ಸ್ಪೀಡ್ ಚೊಲೊ ಇದ್ದು. ಆನು ದೂರು ಕೊಟ್ಟಿದ್ದು ತಡ ಬತ್ತು ಹೇಳಿ.”

‘ನಾನು’ ಎನ್ನಲು ‘ಆನು’, ‘ನನಗೆ’ ಎನ್ನಲು ‘ಎಂಗೆ’ ಎನ್ನುವ ಅವಳ ಮಾತು ನಮ್ಮ ಮನೆಮಾತೇ ಆದ್ದರಿಂದ ನಾನೂ ಅದರಲ್ಲೇ ಉತ್ತರಿಸಿದೆ. “ಸ್ಪೀಡ್ ನೋಡ್ತ್ನಿಲ್ಲೆ ಸಾವಿತ್ರಕ್ಕ. ಎಂತ ತಡ, ಯಾವ ತಡ, ಮೊದ್ಲು ಹೇಳಿ.”

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲವಂತೆ. ಅವಳು ಕುರ್ಚಿ ಎಳೆದು ಕೂತು ಮೊದಲಿನಿಂದ ಹೇಳತೊಡಗಿದಳು.

ಸಾವಿತ್ರಿ ಸಿರ್ಸಿಯಲ್ಲಿ ಕಾಲೇಜು ಓದುವಾಗ ಹುಡುಗಿಯರ ವಾಲಿಬಾಲ್ ತಂಡದಲ್ಲಿ ‘ಲಿಫ್ಟರ್’ ಆಗಿದ್ದಳು. ಲಿಫ್ಟರ್ ಅಂದರೆ ಚೆಂಡನ್ನು ಬಲೆಯ ಹತ್ತಿರ ಮೇಲಕ್ಕೆ ಎತ್ತಿ ಕೊಡುವವಳು. ಅದನ್ನು ಹಾರಿ ಆಚೆ ಬಡಿಯುವವಳು ‘ಸ್ಮ್ಯಾಶರ್’. ಈ ತಂಡದ ಸ್ಮ್ಯಾಶರ್ ನೀಲವ್ವ, ಬನವಾಸಿ ಕಡೆಯವಳು. ಇಬ್ಬರೂ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದರು. ಸಾವಿತ್ರಿ ತನ್ನ ಮನೆಮಾತು ಆಡುವಳು, ನೀಲವ್ವ ತನ್ನ ಸೀಮೆಯ ಮಾತು. ಇಬ್ಬರೂ ಬದಲಾಯಿಸಲಿಲ್ಲ, ತಿಳಿಯಲಿಲ್ಲ ಎಂದೂ ಆಗಲಿಲ್ಲ. ಆಟದಲ್ಲಿ ಅವರ ಗುಟ್ಟು ಒಂದೇ ಶಬ್ದ. ಚೆಂಡು ಬೆರಳಿನಿಂದ ಬಿಟ್ಟುಹೋಗುವ ಗಳಿಗೆಗೆ ಸಾವಿತ್ರಿ “ಹಾಂ!” ಎನ್ನುವಳು. ನೀಲವ್ವ ಚೆಂಡನ್ನು ನೋಡುತ್ತಲೇ ಇರಲಿಲ್ಲವಂತೆ, ಆ ‘ಹಾಂ’ ಕೇಳಿ ಹಾರುವಳು. ಹಾರಿದಲ್ಲಿ ಚೆಂಡು ಇರುತ್ತಿತ್ತು.

ಕಾಲೇಜು ಮುಗಿದ ಮೇಲೆ ನೀಲವ್ವ ಮದುವೆಯಾಗಿ ಬನವಾಸಿಯ ದೊಡ್ಡ ಕುಟುಂಬವೊಂದಕ್ಕೆ ಸೊಸೆಯಾಗಿ ಹೋದಳು. ಮತ್ತೆ ಚೆಂಡು ಮುಟ್ಟಲಿಲ್ಲ. ಸಾವಿತ್ರಿ ಶಾಲೆಯ ಮಕ್ಕಳಿಗೆ ಆಡಿಸುತ್ತ ಆಡಿಸುತ್ತ ನಿವೃತ್ತಳಾದಳು. ವರ್ಷಕ್ಕೊಮ್ಮೆ ಯಾವುದೋ ಮದುವೆಯಲ್ಲಿ ಕಂಡರೆ ಕಂಡರು, ಇಲ್ಲದಿದ್ದರೆ ಇಲ್ಲ. ಕೊರೊನಾದಲ್ಲಿ ಎಲ್ಲರೂ ಎಲ್ಲರಿಗೂ ಫೋನ್ ಮಾಡುತ್ತಿದ್ದರಲ್ಲ, ಆಗ ಈ ಗೆಳೆತನ ಮತ್ತೆ ಚಿಗುರಿತು. ಮಾತಾಡಲು ಸುದ್ದಿ ಮುಗಿದಾಗ ಒಬ್ಬಳಿಗೆ ಹೊಳೆಯಿತು: ದೊಡ್ಡ ದೊಡ್ಡ ದೇಶದ ಹುಡುಗಿಯರು ಆಡುವ ವಾಲಿಬಾಲ್ ನೋಡೋಣ, ಫೋನ್ ಹಿಡಿದುಕೊಂಡು ಒಟ್ಟಿಗೇ ನೋಡೋಣ.

ನೋಡುವುದೆಲ್ಲಿ? ನಮ್ಮ ಟಿ.ವಿ.ಗಳಿಗೆ ಕ್ರಿಕೆಟ್ ಬಿಟ್ಟರೆ ಲೋಕವಿಲ್ಲ. ಸಾವಿತ್ರಕ್ಕ ಅಂತರಜಾಲದಲ್ಲಿ ಹುಡುಕತೊಡಗಿದಳು. ಮೊದಲು ಸಿಕ್ಕಿದ ಪುಟದಲ್ಲಿ ಕೆಂಪಗೆ ‘ಲೈವ್’ ಎಂಬ ಗುಂಡಿ ಇತ್ತು. ಒತ್ತಿದರೆ ಬ್ಯಾಂಕಿನ ಕಾರ್ಡಿನ ಸಂಖ್ಯೆ ಕೇಳಿತು, ಇವಳು ಕಂಪ್ಯೂಟರನ್ನೇ ಆರಿಸಿಬಿಟ್ಟಳು. ಇನ್ನೊಂದರಲ್ಲಿ ಆಟದ ಮೇಲೆ ಜೂಜಿನ ಜಾಹೀರಾತು ಎಷ್ಟು ತುಂಬಿತ್ತೆಂದರೆ ಚೆಂಡು ಕಾಣುತ್ತಿರಲಿಲ್ಲ. ಮೂರನೆಯದು ಚೆನ್ನಾಗಿ ಓಡಿತು. ಅರ್ಧ ಸೆಟ್ ನೋಡಿದ ಮೇಲೆ ಸಾವಿತ್ರಕ್ಕನಿಗೆ ಅನುಮಾನ ಬಂತು. ಜಪಾನಿನ ಲಿಫ್ಟರ್ ಆಗಲೇ ನಿವೃತ್ತಳಾದವಳು! ಯಾವುದೋ ಹಳೆಯ ಆಟವನ್ನು ಲೈವ್ ಎಂದು ಹಾಕಿದ್ದರು. “ಎಷ್ಟು ಚೆಂದ ಆಡ್ತಾಳ” ಎಂದು ಬನವಾಸಿಯಿಂದ ನೀಲವ್ವ ಕುಣಿಯುತ್ತಿದ್ದಳಂತೆ.

ಆಮೇಲೆ ಸಿದ್ದಾಪುರದ ಮೊಬೈಲ್ ಅಂಗಡಿಯವನೊಬ್ಬ ಟಿ.ವಿ.ಗೆ ಒಂದು ‘ವಿಪಿಎನ್’ ಹಾಕಿಕೊಟ್ಟ. ಈ ಮನೆ ಹೆಗ್ಗರಣೆಯಲ್ಲಿಲ್ಲ, ಬೇರೆ ಯಾವುದೋ ದೇಶದಲ್ಲಿದೆ ಎಂದು ಅಂತರಜಾಲಕ್ಕೆ ನಂಬಿಸುವ ಯುಕ್ತಿ ಅದು. ಆ ದೇಶದವರಿಗೆ ಮಾತ್ರ ತೋರಿಸುವ ಆಟ ಇಲ್ಲೂ ಕಾಣುತ್ತದೆ, ಆದರೆ ತೋರಿಸುವವರ ನಿಯಮಕ್ಕೆ ಅದು ವಿರುದ್ಧ. ಅಷ್ಟರಲ್ಲಿ ನೇರ ದಾರಿ ಇದೆ ಎಂದು ಸಾವಿತ್ರಕ್ಕನಿಗೇ ಗೊತ್ತಾಗಿತ್ತು. ಆಟ ನಡೆಸುವವರದ್ದೇ ಒಂದು ಆ್ಯಪ್ ಇತ್ತು. ಹೆಸರು ನೋಂದಾಯಿಸಿದರೆ ನಮ್ಮ ದೇಶದಲ್ಲೂ ನೇರಪ್ರಸಾರ ಬರುತ್ತಿತ್ತು. ಅಡ್ಡದಾರಿಗಳಲ್ಲಿ ಅಷ್ಟು ಅಲೆದ ಮೇಲೆ ಹೆದ್ದಾರಿ ಮನೆಯೆದುರಿಗೇ ಇದೆ ಎಂದು ತಿಳಿದ ಹಾಗಾಯಿತು. ಇವಳು ಟಿ.ವಿ.ಯಲ್ಲಿ ಆ ಆ್ಯಪ್ ಹಾಕಿಸಿಕೊಂಡಳು. ನೀಲವ್ವ ಮೊಮ್ಮಗಳ ಆನ್‌ಲೈನ್ ಕ್ಲಾಸಿಗೆಂದು ತಂದ ಟ್ಯಾಬಿನಲ್ಲಿ ಹಾಕಿಸಿಕೊಂಡಳು. ಪೂರ್ವದ ದೇಶಗಳಲ್ಲಿ ಸಂಜೆ ನಡೆಯುವ ಆಟ ನಮಗೆ ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತದೆ. ಇವಳು ಲ್ಯಾಂಡ್‌ಲೈನಿನಿಂದ ಫೋನ್ ಮಾಡುವಳು, ಅವಳು ಬಟನ್ ಮೊಬೈಲನ್ನು ಕಿವಿಗೆ ಹಿಡಿದು ಕೂರುವಳು. ಯಾವಾಗಲೂ ಇವಳೇ ಮಾಡುವುದು.

“ನೀಲ ‘ಹೋಯ್’ ಹೇಳಿ ಕೂಗಿ ಎಷ್ಟೋ ಹೊತ್ತಾದ ಮೇಲೆ ಎಂಗೆ ಪಾಯಿಂಟ್ ಕಾಣ್ತು” ಎಂದಳು ಸಾವಿತ್ರಕ್ಕ. “ಎಂಗೆ ಖುಷಿ ಆಪ ಹೊತ್ತಿಗೆ ಅದರ ಖುಷಿ ಮುಗದು ಹೋಗಿರ್ತು.”

“ಈಗಲೂ ಹಾಂಗೇ ಕೂಗ್ತ?”

ಅವಳು ಟಿ.ವಿ.ಯ ಕಡೆ ತಿರುಗಿದಳು. “ಈಗ ಕೂಗ್ತಿಲ್ಲೆ. ‘ಹೂಂ’ ಹೇಳ್ತು, ಅಷ್ಟೇಯ. ಪಾಯಿಂಟ್ ಬಂದ್ರೂ ಹೂಂ, ಹೋದ್ರೂ ಹೂಂ. ಈ ತಡದಿಂದ ಅದಕ್ಕೆ ಎನ್ನ ಮೇಲೆ ಬೇಜಾರ ಬಂಜು ಕಾಣ್ತು. ಫೈನಲ್‌ನೊಳಗೆ ನೀವು ಸರಿ ಮಾಡಿದ್ರೆ ಸೈ. ಇಲ್ಲದಿದ್ರೆ ಆನು ಫೋನ್ ಮಾಡ್ತ್ನಿಲ್ಲೆ. ಬ್ಯಾಡಾದ ಜನಕ್ಕೆ ಎಂತಕ್ಕೆ ತ್ರಾಸು ಕೊಡದು?”

ಫೈನಲ್ ಬರುವ ಭಾನುವಾರ ಇತ್ತು. ಹುಡುಗರೆಲ್ಲ ‘ತಡ’ ಎಂದರೆ ಇಂಟರ್ನೆಟ್ಟಿನ ಕಾಯಿಲೆ ಎಂದುಕೊಂಡಿದ್ದರು. ಈ ಹೆಂಗಸು ಅಷ್ಟು ಸಲ ಟಿಕೆಟ್ ತೆರೆದದ್ದು ಇದ್ದ ಒಬ್ಬ ಗೆಳತಿ ಕೈತಪ್ಪಿ ಹೋಗುತ್ತಿದ್ದಾಳೆ ಎಂಬ ದಿಗಿಲಿಗೆ. ಅದನ್ನು ಬರೆಯಲು ನಮ್ಮ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ.

ಅಂದು ಯಾವುದೋ ಒಂದು ಆಟ ನಡೆಯುತ್ತಿತ್ತು. ನಾನು ಅದೇ ಆ್ಯಪನ್ನು ನನ್ನ ಮೊಬೈಲಿಗೆ ಇಳಿಸಿಕೊಂಡು, ಅವಳ ಟಿ.ವಿ. ಪಕ್ಕ ಹಿಡಿದೆ. ನನ್ನ ಮೊಬೈಲಿನಲ್ಲಿ ಬಿದ್ದ ಪಾಯಿಂಟ್ ಟಿ.ವಿ.ಯಲ್ಲಿ ಬೀಳಲು ಅರ್ಧ ನಿಮಿಷ ಹಿಡಿಯಿತು. ವಿಪಿಎನ್ ಇನ್ನೂ ಹಾಗೇ ಇತ್ತು, ತೆಗೆದುಹಾಕಿದೆ. ತಡ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಇದಕ್ಕೆ ಕಾರಣ ‘ಬಫರ್’. ತಾರಸಿಯ ಮೇಲಿನ ನೀರಿನ ಟಾಂಕಿ ಇದ್ದ ಹಾಗೆ. ನಳದಲ್ಲಿ ನೀರು ತುಂಡಾಗದೆ ಬರಲಿ ಎಂದು ಮೊದಲು ಟಾಂಕಿಗೆ ತುಂಬಿಕೊಳ್ಳುತ್ತೇವಲ್ಲ, ಹಾಗೆಯೇ ಚಿತ್ರ ನಿಲ್ಲದೆ ಓಡಲಿ ಎಂದು ಈ ಯಂತ್ರಗಳು ಸ್ವಲ್ಪ ಆಟವನ್ನು ಮೊದಲೇ ತುಂಬಿಟ್ಟುಕೊಂಡು ಆಮೇಲೆ ತೋರಿಸುತ್ತವೆ. ಅವಳ ಟಿ.ವಿ.ಯ ಟಾಂಕಿ ದೊಡ್ಡದು, ಮೊಬೈಲಿನದು ಸಣ್ಣದು. ಹಾಗಾಗಿ ಫೈಬರ್ ಎಷ್ಟು ಜೋರಾಗಿದ್ದರೂ ಟಿ.ವಿ. ಹಿಂದೆಯೇ. ‘ಲೈವ್’ ಎಂಬುದು ಎಲ್ಲರಿಗೂ ಒಂದೇ ಗಳಿಗೆಗೆ ಬರುವುದಿಲ್ಲ ಎಂದು ಅವಳಿಗೆ ವಿವರಿಸಿ, ನೀವೂ ಮೊಬೈಲಿನಲ್ಲೇ ನೋಡಬಹುದಲ್ಲ ಎಂದೆ.

“ಸಣ್ಣ ಪರದೆಲಿ ಲಿಫ್ಟರ್‌ನ ಬೆರಳು ಕಾಣ್ತಿಲ್ಲೆ” ಎಂದಳು.

ತಡಕ್ಕೆ ಕಾರಣ ಸಿಕ್ಕಿತು. ಆ ‘ಹೂಂ’ಗೆ ಸಿಗಲಿಲ್ಲ. ತಾಮ್ರದ ತಂತಿಯ ಕಾಲದಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಲೈನ್‌ಮನ್ ಒಬ್ಬರು ಒಂದು ವಿಷಯದಲ್ಲಿ ಬಹಳ ಬಿಗಿ ಇದ್ದರು. ಫೋನಿನಲ್ಲಿ ದನಿ ಸರಿಯಿಲ್ಲ ಎಂದರೆ ಒಂದೇ ಮನೆಗೆ ಹೋಗಿ ಬಂದರೆ ಅವರು ಒಪ್ಪುತ್ತಿರಲಿಲ್ಲ. “ಆ ತುದಿ ನೋಡಿದ್ಯಾ?” ಎಂದು ಕೇಳುವರು. ನೋಡಿಲ್ಲ ಎಂದರೆ ಅವತ್ತು ಚಹಾ ಇಲ್ಲ. ನಾನು ಸಾವಿತ್ರಕ್ಕನಿಗೆ, “ಆನು ಒಂದ್ಸಲ ಬನವಾಸಿ ಬದಿಗೂ ನೋಡ್ಕ್ಯಂಡು ಬತ್ತೆ” ಎಂದೆ. ಬನವಾಸಿ ನಮ್ಮ ಸಂಸ್ಥೆಯ ವ್ಯಾಪ್ತಿಯೇ ಅಲ್ಲ. ನೀಲವ್ವ ನಮ್ಮ ಗಿರಾಕಿಯೂ ಅಲ್ಲ. ಮ್ಯಾನೇಜರನಿಗೆ ಹೇಳದೆ, ಶನಿವಾರ ರಜೆ ಹಾಕಿ ನನ್ನ ಬೈಕಿನಲ್ಲಿ ಹೋದೆ.

ನೀಲವ್ವನ ಮನೆ ಪೇಟೆಯಲ್ಲಿ. ಕೆಳಗೆ ಮಗನ ಬೀಜ-ಗೊಬ್ಬರದ ಅಂಗಡಿ, ಮೇಲೆ ಮನೆ. ಮೈದುನರು, ಸೊಸೆಯಂದಿರು, ಮೊಮ್ಮಕ್ಕಳು, ಬಂದು ಹೋಗುವ ರೈತರು. ಕಾಲಿಡಲು ಜಾಗವಿಲ್ಲದಷ್ಟು ಜನ. ಅಷ್ಟು ಜನರಲ್ಲಿ ವಾಲಿಬಾಲ್ ನೋಡುವವರು ಒಬ್ಬರೂ ಇಲ್ಲ. ಸೊಸೆ ನನ್ನನ್ನು ಒಳಗಿನ ಒಂದು ಕೋಣೆಗೆ ಕರೆದೊಯ್ದಳು. ಮೆಕ್ಕೆಜೋಳದ ಚೀಲಗಳ ನಡುವೆ, ಕಿಟಕಿಯ ಪಕ್ಕ, ಗಟ್ಟಿಮುಟ್ಟಾದ ಎತ್ತರದ ಹೆಂಗಸೊಬ್ಬಳು ಚೀಲಕ್ಕೆ ಟ್ಯಾಬ್ ಆನಿಸಿಕೊಂಡು ಕೂತಿದ್ದಳು. ಬಾಯಲ್ಲಿ ಸೀರೆಯ ಸೆರಗು ಕಚ್ಚಿಕೊಂಡಿದ್ದಳು. ನನ್ನನ್ನು ಕಂಡು ಸೆರಗು ಬಿಟ್ಟು ಎದ್ದಳು.

“ಬರ್ರಿ, ಬರ್ರಿ. ಕುಂದರ್ರಿ. ಸಾವಿತ್ರಿ ಕಳಿಸಿದ್ಲೇನ್ರಿ?”

ಲೈನ್ ನೋಡಲು ಬಂದೆ ಎಂದೆ. ಅಂದು ಮೂರನೇ ಸ್ಥಾನದ ಆಟ ನಡೆಯುತ್ತಿತ್ತು. ಅವರಿಬ್ಬರಿಗೆ ಬೇಕಾದ ತಂಡಗಳು ಅದರಲ್ಲಿರಲಿಲ್ಲ, ಹಾಗಾಗಿ ಫೋನ್ ಇರಲಿಲ್ಲ. ನನ್ನ ಮೊಬೈಲನ್ನು ಟ್ಯಾಬಿನ ಪಕ್ಕ ಹಿಡಿದೆ. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಓಡುತ್ತಿದ್ದವು. ಅಂದರೆ ವಿಪಿಎನ್ ತೆಗೆದ ಮೇಲೂ ಹೆಗ್ಗರಣೆಗಿಂತ ಬನವಾಸಿ ಇಪ್ಪತ್ತು ಸೆಕೆಂಡಿನಷ್ಟು ಮುಂದೆ.

ಅಷ್ಟರಲ್ಲಿ ಪರದೆಯ ಮೇಲೆ ಒಂದು ದೊಡ್ಡ ಹೊಡೆತ ಬಿತ್ತು. ನೀಲವ್ವ ಗಬಕ್ಕನೆ ಸೆರಗು ಬಾಯಿಗಿಟ್ಟುಕೊಂಡಳು. ಭುಜ ಮಾತ್ರ ಅಲುಗಿತು.

“ಫೋನಿಲ್ಲಲ್ಲ ನೀಲಕ್ಕ, ಈಗ ಯಾಕೆ ಬಾಯಿ ಮುಚ್ಚಿಕೊಂಡಿರಿ?” ಎಂದೆ.

“ರೂಢಿ ಆಗೇತ್ರಿ” ಎಂದು ನಕ್ಕಳು. ಆಮೇಲೆ ನಗು ನಿಂತಿತು. “ಆಕಿನ ಅಂದ್ಲರಿ, ಮುಂದ ಹೇಳಬ್ಯಾಡ ಅಂತ. ನಾ ಬಾಯಿ ಮುಚ್ಚಿದೆ. ನನ್ನ ದನಿ ಮೊದಲಿಂದ ದೊಡ್ಡದು, ಬ್ಯಾಸರ ಬಂದಿರಬೇಕು ಆಕಿಗೆ.”

“ಅವರು ಏನಂದರು, ಅವರ ಮಾತಲ್ಲೇ ಹೇಳಿ.”

“‘ಮುಂದೆ ಹೇಳಡ’ ಅಂದ್ಲು. ಆವತ್ತ ಫೋನ್ ಭಾಳ ಕಟ್ ಕಟ್ ಆಗತಿತ್ತು. ಇದೊಂದ ಮಾತು ಸರಿ ಕೇಳ್ತು.”

‘ಹೇಳಡ’ ಎಂದರೆ ನಮ್ಮ ಮಾತಿನಲ್ಲಿ ‘ಹೇಳಬೇಡ’. ‘ಮುಂದೆ ಹೇಳಡ’ ಎಂದರೆ? ಇನ್ನು ಮುಂದೆ ಹೇಳಬೇಡ ಎಂದೂ ಆಗುತ್ತದೆ. ಮುಂದಾಗಿ ಹೇಳಬೇಡ ಎಂದೂ ಆಗುತ್ತದೆ. ಅದರ ಹಿಂದೆ ಇನ್ನೊಂದು ಶಬ್ದ ಇದ್ದಿರಬೇಕು ಎಂದು ನನಗೆ ಕೂಡಲೇ ಹೊಳೆಯಿತು. ಫೋನ್ ತುಂಡಾಗುವಾಗ ಅದು ನಡುದಾರಿಯಲ್ಲೇ ಉದುರಿಹೋಗಿತ್ತು. ಜನ್ಮವಿಡೀ ಇಂಥ ಉದುರಿದ ಶಬ್ದಗಳ ದೂರನ್ನೇ ನೋಡಿದವನು ನಾನು.

“ಮಾತಾಡಬೇಡ ಅಂದಮೇಲೂ ನೀವು ಫೋನ್ ಹಿಡಿದುಕೊಂಡು ಕೂರ್ತಿದ್ದಿರಾ?” ಎಂದು ಕೇಳಿದೆ.

“ಮಾತಾಡಬ್ಯಾಡ ಅಂದಾಳ. ಫೋನ್ ಇಡು ಅಂದಿಲ್ಲಲ್ರಿ” ಎಂದಳು ನೀಲವ್ವ.

ಕೆಳಗೆ ಅಂಗಡಿಯಲ್ಲಿ ಯಾರೋ ಗೊಬ್ಬರದ ಚೀಲ ಎತ್ತಿಹಾಕುವ ಸದ್ದು ಬರುತ್ತಿತ್ತು. ಮನೆ ತುಂಬ ಜನರಿದ್ದರೂ ಈಕೆ ಈ ಚೀಲಗಳ ನಡುವೆ, ಬಾಯಿಗೆ ಸೆರಗು ತುರುಕಿಕೊಂಡು, ಗೆಳತಿಯ ದನಿಗೆ ಬರೀ ‘ಹೂಂ’ ಎನ್ನುತ್ತ ಕೂರುತ್ತಿದ್ದಳು. ಅಲ್ಲಿ ಸಾವಿತ್ರಕ್ಕ, ನೀಲವ್ವನಿಗೆ ತನ್ನ ಮೇಲೆ ಬೇಜಾರು ಎಂದು ಒಂಟಿಯಾಗಿ ಕೊರಗುತ್ತಿದ್ದಳು.

ಲೈನ್‌ಮನ್‌ಗಳಿಗೆ ಒಂದು ಕಟ್ಟಳೆ ಇತ್ತು. ಗಿರಾಕಿಗಳ ಲೈನಿನಲ್ಲಿ ‘ಟೆಸ್ಟಿಂಗ್’ ಎಂಬುದೊಂದನ್ನು ಬಿಟ್ಟು ಬೇರೆ ಮಾತಾಡಬಾರದು, ಅವರ ಮಾತು ಕಿವಿಗೆ ಬಿದ್ದರೂ ಬಿದ್ದಿಲ್ಲ ಎಂದಿರಬೇಕು. ಅದನ್ನು ಇಡೀ ಸರ್ವೀಸಿನಲ್ಲಿ ಪಾಲಿಸಿದ್ದೆ. ಆದ್ದರಿಂದ ನೀಲವ್ವನಿಗೆ ಇಷ್ಟೇ ಹೇಳಿದೆ: “ಅವರು ಹಾಗೆ ಅಂದಿರಲಿಕ್ಕಿಲ್ಲ. ನಾಳೆ ಫೈನಲ್‌ಗೆ ನೀವೇ ಫೋನ್ ಮಾಡಿ ಕೇಳಿಬಿಡಿ.”

“ನಾ ಹೆಂಗ ಮಾಡ್ಲಿರಿ? ಚೆಂಡು ಎತ್ತಾಕಿ ಆಕಿ. ಎತ್ತದ ನಾ ಹಾರಿದ್ರ ಗಾಳ್ಯಾಗ ಕೈ ಬೀಸಿಧಂಗ ಆಕ್ಕೈತಿ.”

ಸಿರ್ಸಿಗೆ ವಾಪಸು ಬರುವಾಗ ನನಗೆ ಸಿಟ್ಟು ಬಂದಿತ್ತು. ಒಬ್ಬಳು ಫೋನ್ ಮಾಡುವುದಿಲ್ಲ ಎಂದು ಕೂತಿದ್ದಾಳೆ. ಇನ್ನೊಬ್ಬಳು ಅವಳು ಮಾಡದೆ ತಾನು ಮಾಡುವುದಿಲ್ಲ ಎನ್ನುತ್ತಾಳೆ. ನಾಳೆ ಎರಡೂ ಫೋನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯಿತು. ಆ ವಯಸ್ಸಿನಲ್ಲಿ ಹೀಗೆ ನಿಂತ ಮಾತು ಮತ್ತೆ ಶುರುವಾಗುವುದು ಕಷ್ಟ. ಕೇಳಬೇಕಾದ್ದನ್ನು ಕೇಳಿಬಿಡಲು ಇವರಿಗೇನು ಕಷ್ಟ ಎಂದು ಬೈದುಕೊಂಡೆ. ಮನೆಗೆ ಬಂದು ದೀಪ ಹಾಕಿದ ಮೇಲೆ ಸಿಟ್ಟು ಇಳಿಯಿತು. ಕೇಳಲು ಒಬ್ಬರು ಇರುವವರ ಮೇಲೆ ನನಗೆ ಬಂದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು.

ಭಾನುವಾರ ಮಧ್ಯಾಹ್ನ ಹೆಗ್ಗರಣೆಗೆ ಹೋದೆ. ಟಿ.ವಿ. ಹಚ್ಚಿತ್ತು. ಆಟಗಾರ್ತಿಯರು ಬಲೆಯ ಎರಡೂ ಕಡೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಲ್ಯಾಂಡ್‌ಲೈನ್ ಫೋನನ್ನು ಸಾವಿತ್ರಕ್ಕ ಟಿ.ವಿ.ಯ ಹತ್ತಿರದ ಸ್ಟೂಲಿನಿಂದ ತೆಗೆದು ದೂರದ ಮೂಲೆಯಲ್ಲಿಟ್ಟಿದ್ದಳು.

“ಸರಿ ಆತಾ?” ಎಂದಳು.

“ಆಯಿದಿಲ್ಲೆ. ಒಂದು ಪ್ರಶ್ನೆ ಇದ್ದು. ನೀವು ನೀಲಕ್ಕಂಗೆ ‘ಮುಂದೆ ಹೇಳಡ’ ಹೇಳಿದ್ರಾ?”

ಅವಳು ಯೋಚಿಸಿದಳು. “ಹೌದಪ. ‘ಎಂಗಿಂತ ಮುಂದೆ ಹೇಳಡ, ಆಟದ ಮಜಾ ಹೋಗ್ತು’ ಹೇಳಿ ತಮಾಷೆ ಮಾಡಿದ್ದಿ. ಎಂತಕ್ಕೆ?”

“ಆ ‘ಎಂಗಿಂತ’ ಅಲ್ಲಿಗೆ ಮುಟ್ಟಿದ್ದಿಲ್ಲೆ ಸಾವಿತ್ರಕ್ಕ. ಬಾಕಿದು ಮುಟ್ಟಿದ್ದು.”

ನನ್ನ ಕಟ್ಟಳೆ ಮುರಿದದ್ದು ಆ ಒಂದು ಸಲವೇ. ‘ನನಗಿಂತ’ ಎಂಬ ಆ ಒಂದು ಶಬ್ದವೇ ದಾರಿಯಲ್ಲಿ ಉದುರಿಹೋದದ್ದು. ಸಾವಿತ್ರಕ್ಕ ಮೂಲೆಗೆ ಹೋಗಿ, ಫೋನನ್ನು ಮತ್ತೆ ಸ್ಟೂಲಿನ ಮೇಲೆ ತಂದಿಟ್ಟು, ನಂಬರ್ ಒತ್ತಿ, ಸ್ಪೀಕರ್ ಹಾಕಿದಳು. ಆ ಕಡೆ ಮೊದಲ ರಿಂಗಿಗೇ ಎತ್ತಿದರು. ಎತ್ತಿದವರು ಮಾತಾಡಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು.

“ನೀಲಾ, ‘ಎಂಗಿಂತ ಮುಂದೆ’ ಹೇಳಡ ಹೇಳಿದ್ದು ಆನು. ಹೇಳಲೇ ಅಡ ಹೇಳಿದ್ದಲ್ಲ. ಕತ್ತೆ!”

ಬನವಾಸಿಯಲ್ಲಿ ಯಾರೋ ದೊಡ್ಡದಾಗಿ ಮೂಗು ಸೀನಿದರು. “ಯಾರಿಗೆ ಕತ್ತಿ ಅಂತಿ? ನಿನ್ನ ಸಲವಾಗಿ ಎರಡು ಸೆರಗು ಕಚ್ಚಿ ಹರದೀನಿ ನಾ!” ಆ ದನಿ ನಿಜಕ್ಕೂ ದೊಡ್ಡದೇ. ಸ್ಪೀಕರ್ ಗರಗರ ಎಂದಿತು.

ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಮುಗಿಯುವಷ್ಟರಲ್ಲಿ ಆಟ ಶುರುವಾಗುವುದರಲ್ಲಿತ್ತು. ತಡ ಮಾತ್ರ ಇದ್ದಲ್ಲೇ ಇತ್ತು. ಹಿಂದಿನ ದಿನ ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸಿದ್ದೆ. ಹಿಂದಿರುವ ಟಿ.ವಿ.ಯನ್ನು ಮುಂದೆ ತರಲು ಸಾಧ್ಯವಿಲ್ಲ. ಮುಂದಿರುವ ಟ್ಯಾಬನ್ನು ಹಿಂದೆ ಹಿಡಿಯಬಹುದು. “ನೀಲಕ್ಕ, ನಿಮ್ಮ ಟ್ಯಾಬಿನಲ್ಲಿ ಮೊದಲ ಸರ್ವೀಸಿಗೆ ಚೆಂಡು ಮೇಲೆ ಹಾರಿದ ಕೂಡಲೇ ಪರದೆ ಮುಟ್ಟಿ ಆಟ ನಿಲ್ಲಿಸಿ. ಇಲ್ಲಿ ಟಿ.ವಿ.ಯಲ್ಲಿ ಅದೇ ಚೆಂಡು ಹಾರಿದಾಗ ಮತ್ತೆ ಬಿಡಿ” ಎಂದೆ.

“ನಿಲ್ಲಿಸಿದೆ ನೋಡ್ರಿ” ಎಂದಳು ತುಸು ಹೊತ್ತಿನಲ್ಲಿ. “ಯಾವಾಗ ಬಿಡ್ಲಿ? ನನಗ ಅಲ್ಲಿದು ಕಾಣೂದಿಲ್ಲಲ್ರಿ.”

ನಾನು ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಸಾವಿತ್ರಕ್ಕ ಕೈ ಎತ್ತಿ ನನ್ನನ್ನು ತಡೆದಳು. ಟಿ.ವಿ.ಯಲ್ಲಿ ಹುಡುಗಿಯೊಬ್ಬಳು ಗೆರೆಯ ಹಿಂದೆ ಹೋಗಿ ನಿಂತಳು. ಚೆಂಡನ್ನು ನೆಲಕ್ಕೆ ಕುಟ್ಟಿದಳು. ರೆಫರಿ ಸೀಟಿ ಊದಿದ. ಸಾವಿತ್ರಕ್ಕನ ಎರಡೂ ಕೈ ತಾವಾಗಿಯೇ ಹಣೆಯ ಮಟ್ಟಕ್ಕೆ ಏರಿದವು, ಬೆರಳು ಬಿಚ್ಚಿಕೊಂಡವು. ಚೆಂಡು ಹಾರಿತು.

“ಹಾಂ!”

ಆ ಕಡೆ ನೀಲವ್ವ ಬೆರಳು ಒತ್ತಿದಳು. ಮೊದಲ ಪಾಯಿಂಟ್ ಬಿದ್ದಾಗ ಕೋಣೆಯಲ್ಲಿ ಒಂದು “ಹೋಯ್!” ಕೇಳಿತು, ಫೋನಿನಲ್ಲಿ ಒಂದು “ಹೋಯ್!” ಕೇಳಿತು. ಎರಡೂ ಒಂದೇ ಗಳಿಗೆಗೆ.

ಆಮೇಲೆ ನಾನು ಅಲ್ಲಿ ಹೆಚ್ಚು ಹೊತ್ತು ಇರಲಿಲ್ಲ. ಸಾವಿತ್ರಕ್ಕ ಟಿ.ವಿ.ಯಿಂದ ಕಣ್ಣು ತೆಗೆಯದೆ “ಆಸರಿಗೆ ಕುಡ್ಕಂಡು ಹೋಗಿ” ಎಂದಳು. ಚಹಾ ಮಾಡಿಕೊಡಲು ಎದ್ದರೆ ಆಟ ತಪ್ಪುತ್ತದೆ ಎಂದು ಅವಳ ಮುಖದಲ್ಲಿ ಬರೆದಿತ್ತು. ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಬೈಕ್ ಹತ್ತುವಾಗ ಮತ್ತೆ ಎರಡು ಕೂಗು ಒಟ್ಟಿಗೆ ಕೇಳಿದವು. ನಾನು ಹೊರಟದ್ದು ಅವರಿಬ್ಬರಿಗೂ ತಿಳಿದಿರಲಿಕ್ಕಿಲ್ಲ. ಕೆಲಸ ಸರಿಯಾಗಿದ್ದರೆ ಲೈನ್‌ಮನ್ ಹೋದದ್ದು ಯಾರಿಗೂ ತಿಳಿಯಬಾರದು. ಅದು ಗೊತ್ತಿದ್ದೂ ಸಿರ್ಸಿ ಮುಟ್ಟುವವರೆಗೆ ನನ್ನ ಮನಸ್ಸು ಕುಗ್ಗಿಯೇ ಇತ್ತು. ಸೋಮವಾರ ಆ ಟಿಕೆಟ್ ಕ್ಲೋಸ್ ಮಾಡಿದೆ. ಅದು ಮತ್ತೆ ತೆರೆದುಕೊಳ್ಳಲಿಲ್ಲ. ಏನು ಮಾಡಿದಿರಿ ಎಂದು ಮ್ಯಾನೇಜರ್ ಕೇಳಿದ. ಆ ತುದಿ ನೋಡಿದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಕೆಲವು ತಿಂಗಳ ನಂತರ ಇನ್ನೊಂದು ಪಂದ್ಯಾವಳಿ ಶುರುವಾಯಿತು. ಭಾನುವಾರ, ರಜೆ. ಹೆಗ್ಗರಣೆಯಲ್ಲೂ ಬನವಾಸಿಯಲ್ಲೂ ಈಗ ಕೂಗು ಎದ್ದಿರುತ್ತದೆ ಎಂದುಕೊಂಡು ನಾನೂ ಟಿ.ವಿ.ಯಲ್ಲಿ ಆ ಆ್ಯಪ್ ಹಚ್ಚಿದೆ. ಎಷ್ಟೋ ಕಾಲದ ಮೇಲೆ ಆ ಕುರ್ಚಿಯಲ್ಲಿ ಕೂತೆ. ಆಟ ಚೆನ್ನಾಗಿಯೇ ಇತ್ತು. ಒಂದು ವಿಚಾರ ಮಾತ್ರ ತಲೆಯಲ್ಲಿ ಕೊರೆಯತೊಡಗಿತು. ನನ್ನ ಟಿ.ವಿ. ಎಷ್ಟು ಹಿಂದೆ ಇದ್ದೀತು? ಅದನ್ನು ಹೇಳಲು ಆ ಕಡೆ ಯಾರಾದರೂ ಇರಬೇಕು. ಒಬ್ಬನೇ ನೋಡುವವನಿಗೆ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ನೌಕರಿ ಕಲಿಸಿದ ಪಾಠ ಏನು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಇರುವುದು ಇದೊಂದೇ. ತಡ ತಿಳಿಯಬೇಕಾದರೆ ಲೈನಿಗೆ ಎರಡು ತುದಿ ಬೇಕು.

ಚಹಾ ಮಾಡಿಕೊಳ್ಳಲು ಎದ್ದವನು ಮೊಬೈಲಿನಲ್ಲೂ ಅದೇ ಆಟ ಹಾಕಿಕೊಂಡು ಅಡಿಗೆಮನೆಗೆ ಹೋದೆ. ಚಹಾ ಸೋಸಿಕೊಂಡು, ಮೊಬೈಲನ್ನು ಒಲೆಯ ಕಟ್ಟೆಯ ಮೇಲೆಯೇ ಮರೆತು ಕುರ್ಚಿಗೆ ಬಂದು ಕೂತೆ. ಟಿ.ವಿ.ಯಲ್ಲಿ ಚೆಂಡು ಇನ್ನೂ ನೆಲಕ್ಕೆ ಬೀಳದೆ ಬಲೆಯ ಆಚೆ ಈಚೆ ಓಡಾಡುತ್ತಿತ್ತು. ಅಷ್ಟರಲ್ಲಿ ಅಡಿಗೆಮನೆಯಿಂದ ‘ಹೋ’ ಎಂದು ಚಪ್ಪಾಳೆಯ ಸದ್ದು ಬಂತು. ನಾನು ತಿರುಗಿ ನೋಡಿದೆ. ನೋಡಿ, ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಕೇಳಿಬಿಟ್ಟೆ:

“ಎಂತ ಆತು?”

ಆ ಸದ್ದು ಯಾತರದ್ದು ಎಂದು ನನಗೆ ಗೊತ್ತು. ಎದ್ದು ಹೋಗಿ ಮೊಬೈಲ್ ಆರಿಸಿದರೆ ಮುಗಿಯಿತು. ಇವತ್ತಿಗೂ ಆಟ ಇದ್ದ ದಿನ ನಾನು ಮೊಬೈಲನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಬಂದು ಕೂರುತ್ತೇನೆ. ಅಲ್ಲಿಂದ ಕೂಗು ಮೊದಲು ಬರುತ್ತದೆ, ನನಗೆ ಆಮೇಲೆ ಕಾಣುತ್ತದೆ. ಈ ಒಂದು ದೂರನ್ನು ನಾನು ಮುಚ್ಚಿಲ್ಲ.